ತೋಟಕ್ಕಿಂತ ಬೆಟ್ಟದಲ್ಲೇ ನನಗೆ ಕೆಲಸ ಜಾಸ್ತಿ

ಶಿರಸಿ ಕಡೆ ತೋಟ ನೋಡಲು ಬಂದವರು ಅಡಿಕೆ ಮರ, ಅದಕ್ಕೆ ಹಬ್ಬಿದ ಕಾಳುಮೆಣಸು ನೋಡಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಮೇಲಿನ ಬೆಟ್ಟದ ಕಡೆ ಯಾರೂ ತಲೆ ಎತ್ತುವುದಿಲ್ಲ. ನಮ್ಮ ಒಂದು ಎಕರೆ ತೋಟ ಬದುಕಿರುವುದೇ ಆ ಸೊಪ್ಪಿನ ಬೆಟ್ಟದಿಂದ. ನಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದು ಬ್ರಿಟಿಷರ ಕಾಲದಲ್ಲಿ. ಜಾಗ ಸರ್ಕಾರದ್ದು. ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲು ತರುವ ಹಕ್ಕು ನಮ್ಮದು.

ದರಕು ಗುಡಿಸುವುದು ಬೇಸಿಗೆ ಶುರುವಾಗುವ ಹೊತ್ತಿಗೆ. ಅದನ್ನು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹಾಸುತ್ತೇವೆ. ಮಳೆಗಾಲದಲ್ಲಿ ಅದೇ ಜಾಗಕ್ಕೆ ಹಸಿಸೊಪ್ಪು. ಸಗಣಿ, ಗಂಜಲ ಸೇರಿ ತುಳಿದದ್ದು ಗೊಬ್ಬರಗುಂಡಿಗೆ ಹೋಗುತ್ತದೆ. ನಮ್ಮಲ್ಲಿರುವುದು ಮಲೆನಾಡು ಗಿಡ್ಡ ಎಂಬ ಕುಳ್ಳ ತಳಿಯ ದನ. ಹಾಲು ಕಡಿಮೆ, ಸಗಣಿಯೂ ಕಡಿಮೆ. ಆದರೆ ಬೆಟ್ಟದಲ್ಲಿ ಮೇದು ಸಂಜೆ ತಾವೇ ಮನೆಗೆ ಬರುತ್ತವೆ. ಹಿಂಡಿಗೆ ದುಡ್ಡು ಸುರಿಯುವ ಕೆಲಸವಿಲ್ಲ.

ಮುಂಚೆ ಕಂಡ ಮರದ ಸೊಪ್ಪನ್ನೆಲ್ಲ ಕಡಿಯುವ ಪದ್ಧತಿ ಇತ್ತು. ಈಗ ಬೆಟ್ಟವನ್ನು ಮೂರು ಪಾಲು ಮಾಡಿಕೊಂಡಿದ್ದೇನೆ. ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಕತ್ತಿ ಆಡುತ್ತದೆ. ಮತ್ತಿ, ಕಿಂದಳದಂಥ ಮರವಾದರೆ ಪಕ್ಕದ ಟೊಂಗೆ ಮಾತ್ರ, ತುದಿ ಮುಟ್ಟುವಂತಿಲ್ಲ. ತುದಿ ಹೋದರೆ ಮರ ಕುಳ್ಳಾಗಿ ಗಂಟುಗಂಟಾಗುತ್ತದೆ. ದರಕನ್ನೂ ಪೂರ್ತಿ ಬಳಿಯುವುದಿಲ್ಲ. ಇಳಿಜಾರಿನಲ್ಲಿ ಒಂದು ಹಾಸು ಉಳಿಸದಿದ್ದರೆ ಜೂನ್‌ನ ಮೊದಲ ದೊಡ್ಡ ಮಳೆಗೇ ಮಣ್ಣು ಹಳ್ಳ ಸೇರುತ್ತದೆ, ಬಿದ್ದ ಬೀಜಕ್ಕೂ ಮೊಳೆಯಲು ತಂಪು ಸಿಗುವುದಿಲ್ಲ. ಗುಡಿಸುವವರಿಗೆ ಮೊದಲೇ ಹೇಳಿಡಬೇಕು: ಮೊಣಕಾಲೆತ್ತರದ ಸಸಿ ಕಂಡರೆ ಸುತ್ತು ಹಾಕಿ ಹೋಗಿ. ಬೇಸಿಗೆಯಲ್ಲಿ ಬೆಂಕಿ ಕಾಯುವುದೂ ಇದರ ಜೊತೆಗೇ ಬರುವ ಕೆಲಸ.

ತೆರವಿದ್ದ ಕಡೆ ಮುರುಗಲು (ಕೋಕಂ), ಉಪ್ಪಾಗೆ ನೆಟ್ಟೆ, ಎರಡೂ ಹುಳಿ ಸಿಪ್ಪೆಗೆ ಬೆಳೆಸುವ ಮರ. ನನಗೆ ಕೇಳಿದರೆ ಮುರುಗಲೇ ಮೇಲು. ಏಪ್ರಿಲ್–ಮೇನಲ್ಲಿ ಹಣ್ಣಾಗುತ್ತದೆ, ಸಿಪ್ಪೆ ಬಿಸಿಲಿಗೇ ಒಣಗುತ್ತದೆ, ಬೀಜದಿಂದ ತುಪ್ಪವೂ ಸಿಗುತ್ತದೆ. ಉಪ್ಪಾಗೆ ಹಣ್ಣಾಗುವುದು ಸುರಿವ ಮಳೆಯಲ್ಲಿ. ಒಣಗಿಸಲು ಒಲೆ ಹೂಡಬೇಕು, ರಾಶಿ ಕಟ್ಟಿಗೆ ಬೇಕು. ಬೆಟ್ಟ ಉಳಿಸಲು ನೆಟ್ಟ ಮರಕ್ಕೆ ಬೆಟ್ಟದ್ದೇ ಕಟ್ಟಿಗೆ ಸುಡುವುದು ಯಾವ ನ್ಯಾಯ?

ಅಡಿಕೆಯ ಬೇರು ಹೆಚ್ಚು ಆಳಕ್ಕೆ ಹೋಗುವುದಿಲ್ಲ. ಹಾಗಾಗಿ ಬುಡಕ್ಕೆ ಗೊಬ್ಬರ ಹಾಕಿ ಮೇಲೆ ಸೊಪ್ಪು ಮುಚ್ಚಿದರೆ ಮಳೆಹನಿ ಮಣ್ಣಿಗೆ ನೇರ ಬಡಿಯುವುದಿಲ್ಲ, ಬೇಸಿಗೆಯಲ್ಲಿ ನೀರಿನ ಖರ್ಚೂ ತಗ್ಗುತ್ತದೆ. ಇಷ್ಟು ಮಾಡಿದರೆ ಕೊಳೆ ಬರುವುದಿಲ್ಲ ಎನ್ನುವವರೂ ಇದ್ದಾರೆ. ನನಗೆ ಆ ನಂಬಿಕೆ ಇಲ್ಲ. ಕೊಳೆರೋಗ ಕಾಯಿಗೆ ಹತ್ತುವುದು ಮೇಲೆ, ಗೊನೆಯಲ್ಲಿ. ಅದಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣದ ಬೋರ್ಡೋ ದ್ರಾವಣವನ್ನೇ ಹೊಡೆಸುತ್ತೇನೆ.

ಕಷ್ಟ ಇರುವುದು ಆಳಿನದ್ದು. ಮರ ಹತ್ತಿ ಸೊಪ್ಪು ಕಡಿಯುವವರು ಊರಲ್ಲಿ ಬೆರಳೆಣಿಕೆ, ಅವರಿಗೂ ವಯಸ್ಸಾಯಿತು. ಅದಕ್ಕೇ ಹಸಿಸೊಪ್ಪು ಕಡಿಮೆ ಮಾಡಿ ದರಕನ್ನೇ ಜಾಸ್ತಿ ಕೂಡಿಡುತ್ತಿದ್ದೇನೆ. ಕೊಟ್ಟಿಗೆ ಪಕ್ಕ ಅದಕ್ಕೊಂದು ತಗಡಿನ ಮಾಡು ಏಳುತ್ತಿದೆ.