ಪುಣೆ ಮಳೆಗಾಲಕ್ಕೆ ಎಲ್ಡರ್‌ಬೆರಿ ಸಿರಪ್: ನಾನು ಮಾಡಿ ನೋಡಿದ್ದು

ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಜುಲೈ ಬಂತೆಂದರೆ ಒಬ್ಬರಾದ ಮೇಲೆ ಒಬ್ಬರಿಗೆ ನೆಗಡಿ, ಕೆಮ್ಮು. ನನಗೆ ಗೊತ್ತಿದ್ದದ್ದು ಧಾರವಾಡದಲ್ಲಿ ಅವ್ವ ಮಾಡುತ್ತಿದ್ದ ಶುಂಠಿ-ಮೆಣಸಿನ ಕಷಾಯ ಅಷ್ಟೇ. ಎರಡು ವರ್ಷದ ಹಿಂದೆ ಜರ್ಮನಿಯಿಂದ ಬಂದ ತಂಗಿ ಒಂದು ಪೊಟ್ಟಣ ಒಣ ಎಲ್ಡರ್‌ಬೆರಿ, ಅಂದರೆ ಆ ಕಡೆ ಗಿಡದಲ್ಲಿ ಗೊಂಚಲಾಗಿ ಬಿಡುವ ಒಂದು ಸಣ್ಣ ಕಪ್ಪು ಹಣ್ಣು, ತಂದಳು. ಅಲ್ಲಿ ಅದಕ್ಕೆ ಹೊಲುಂಡರ್ ಅಂತಾರಂತೆ. ನೋಡೋಕೆ ಕಾಳುಮೆಣಸಿನ ಹಾಗೆ ಕಪ್ಪಗೆ, ಸುಕ್ಕು ಸುಕ್ಕು. ನೀರಿಗೆ ಹಾಕಿದರೆ ಮಾತ್ರ ಥೇಟ್ ನೇರಳೆ ಹಣ್ಣಿನ ಬಣ್ಣ.

“ಅಕ್ಕಾ, ಕುದಿಸದ ಒಂದ್ ಕಾಳೂ ಬಾಯಿಗೆ ಹಾಕಬ್ಯಾಡ” ಅಂದಳು. ಅದು ಸುಮ್ನೆ ಹೇಳಿದ ಮಾತಲ್ಲ. ಈ ಗಿಡದ ಎಲೆ, ಕಡ್ಡಿ, ಬೀಜ, ಹಸಿ ಹಣ್ಣಿನಲ್ಲಿ ಹೊಟ್ಟೆಗೆ ಹೋದರೆ ಸಯನೈಡ್ ಆಗುವ ಅಂಶ ಇದೆ. 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಗುಂಪಿನವರು ಹಣ್ಣನ್ನು ಎಲೆ, ಕಡ್ಡಿ ಸಮೇತ ಜಜ್ಜಿ, ಬೇಯಿಸದೆ ರಸ ಕುಡಿದು 11 ಜನ ವಾಂತಿ ಮಾಡಿಕೊಂಡು ಬಿದ್ದಿದ್ದರು. ಹಾಗಾಗಿ ನಾನು ಮೊದಲು ತಟ್ಟೆಯಲ್ಲಿ ಹರವಿ, ಅಕ್ಕಿ ಆರಿಸಿದ ಹಾಗೆ ಕಡ್ಡಿ ಎಲ್ಲ ಆರಿಸಿ ತೆಗೆಯುತ್ತೇನೆ.

ಅರ್ಧ ಲೋಟ ಹಣ್ಣಿಗೆ ಎರಡು ಲೋಟ ನೀರು, ನಾಲ್ಕು ಲವಂಗ, ಒಂದು ತುಂಡು ಚಕ್ಕೆ, ಜಜ್ಜಿದ ಶುಂಠಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಮುಚ್ಚಳ ಹಾಕದೆ 45 ನಿಮಿಷ ಬಿಡಬೇಕು. ನೀರು ಅರ್ಧಕ್ಕೆ ಇಳಿಯುತ್ತೆ. ಹಳೇ ಪಂಚೆ ತುಂಡಿನಲ್ಲಿ ಸೋಸಿ ಹಿಂಡಿದರೆ ಕೈಯೆಲ್ಲ ನೇರಳೆ, ಬಟ್ಟೆ ಕಲೆಯಂತೂ ಹೋಗೋದೇ ಇಲ್ಲ. ಉಗುರುಬೆಚ್ಚಗೆ ಆದಮೇಲೆ ಅರ್ಧ ಲೋಟ ಜೇನು ಬೆರೆಸುತ್ತೇನೆ. ಜೇನು ಇರೋದರಿಂದ ವರ್ಷ ತುಂಬದ ಮಗುವಿಗೆ ಒಂದು ಹನಿಯೂ ಕೊಡಬೇಡಿ.

ಮೊದಲ ಸಲ ಬಾಟಲಿಯನ್ನು ಅಡುಗೆ ಕಟ್ಟೆ ಮೇಲೇ ಇಟ್ಟಿದ್ದೆ. ನಾಲ್ಕನೇ ದಿನ ಮುಚ್ಚಳ ತಿರುಗಿಸಿದರೆ ಟುಸ್ ಅಂತ ಗಾಳಿ, ಮೇಲೆ ನೊರೆ, ಹೆಂಡದ ವಾಸನೆ. ಎಲ್ಲ ಚೆಲ್ಲಿದೆ. ಈಗ ಸ್ವಲ್ಪ ಸ್ವಲ್ಪವೇ ಮಾಡಿ ಫ್ರಿಜ್‌ನಲ್ಲಿಟ್ಟು ಎರಡು ವಾರದೊಳಗೆ ಮುಗಿಸುತ್ತೇವೆ.

ಇದರಿಂದ ಗುಣ ಆಗುತ್ತಾ? 2004ರಲ್ಲಿ ಪ್ರಕಟವಾದ ನಾರ್ವೆಯ ಒಂದು ಸಣ್ಣ ಅಧ್ಯಯನದಲ್ಲಿ ಫ್ಲೂ ನಾಲ್ಕು ದಿನ ಬೇಗ ಇಳಿದಿತ್ತು. 2020ರಲ್ಲಿ ಅಮೆರಿಕದಲ್ಲಿ ಮತ್ತೆ ನೋಡಿದಾಗ ಏನೂ ಉಪಯೋಗ ಕಾಣಲಿಲ್ಲ. ನನಗೆ ಕಂಡದ್ದು ಇಷ್ಟು: ಬಿಸಿನೀರಿಗೆ ಎರಡು ಚಮಚ ಹಾಕಿ ಕುಡಿದರೆ ಗಂಟಲು ಕೆರೆತ ತಗ್ಗುತ್ತೆ, ರಾತ್ರಿ ನಿದ್ದೆ ಬರುತ್ತೆ. ಅದು ಜೇನು-ಶುಂಠಿಯ ಗುಣವೂ ಇರಬಹುದು, ಅಲ್ವಾ?

ಹೋದ ಆಗಸ್ಟ್‌ನಲ್ಲಿ ನಮ್ಮ ಯಜಮಾನರಿಗೆ ಜ್ವರ ಬಂದಾಗ ಎರಡು ದಿನ ಇದನ್ನೇ ಕೊಟ್ಟೆ. ಮೂರನೇ ದಿನ ಕಣ್ಣಿನ ಹಿಂದೆ ನೋವು ಅಂದರು. ರಕ್ತ ಪರೀಕ್ಷೆ ಮಾಡಿಸಿದರೆ ಡೆಂಗೀ. ಆ ಎರಡು ದಿನ ಸುಮ್ಮನೆ ಕಳೆದೆನಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತೆ. ಬಾಟಲಿ ಫ್ರಿಜ್ ಬಾಗಿಲಲ್ಲಿ ಈಗಲೂ ಇದೆ, ಆದರೆ ಜ್ವರ ಅಂದರೆ ನಾನು ಅದರ ಕಡೆ ಕೈ ಚಾಚೋದಿಲ್ಲ, ಮೊದಲು ಡಾಕ್ಟರ ಹತ್ತಿರ ಹೋಗುತ್ತೇವೆ.