ಮೋಲಿ ಮೀನಿಗೆ ಉಪ್ಪುನೀರು ರೂಢಿ ಮಾಡಿಸುವುದು ಹೇಗೆ?

ಕೊಡಗಿನಲ್ಲಿ ಕೂತು ಮನೆಯ ಅಕ್ವೇರಿಯಂನಲ್ಲಿ ಕಡಲ ನೀರು ತುಂಬಿಸುವ ಆಸೆ ಇದ್ದರೆ ಮೋಲಿಯಿಂದ ಶುರು ಮಾಡಿ. ಕಡಲ ಮೀನು ದುಬಾರಿ, ಘಟ್ಟ ಹತ್ತಿ ಬರುವಷ್ಟರಲ್ಲಿ ಸೊರಗಿರುವುದೂ ಉಂಟು. ಮೋಲಿ ಹಾಗಲ್ಲ. ಅಂಗಡಿಯಲ್ಲಿ ಸಿಹಿನೀರಿನಲ್ಲೇ ಸಿಗುತ್ತದೆ. ನಿಧಾನವಾಗಿ ರೂಢಿ ಮಾಡಿಸಿದರೆ ಪೂರ್ತಿ ಉಪ್ಪುನೀರಿನಲ್ಲೂ ಬದುಕುತ್ತದೆ, ಮರಿಯನ್ನೂ ಹಾಕುತ್ತದೆ. ಇದರ ಮೂಲ ಅಮೆರಿಕ ಖಂಡದ ಕಡೆ. ಅಲ್ಲಿ ನದಿ ಸಮುದ್ರ ಸೇರುವ ಅಳಿವೆಗಳಲ್ಲೂ ಮೋಲಿಗಳಿವೆ.

ಗಪ್ಪಿಯನ್ನೂ ಹೀಗೆ ಒಗ್ಗಿಸಬಹುದು. ಗೋಲ್ಡ್ ಫಿಶ್, ನಿಯಾನ್ ಟೆಟ್ರಾ, ಏಂಜಲ್‌ಗಳನ್ನು ಮಾತ್ರ ಸುಮ್ನೆ ಬಿಟ್ಟುಬಿಡಿ. ಎಷ್ಟೇ ನಿಧಾನ ಮಾಡಿದರೂ ಅವು ಉಳಿಯುವುದಿಲ್ಲ.

ಸಿಹಿನೀರಿನಲ್ಲಿ ಮೀನಿನ ಮೈಯೊಳಗೆ ಹೊರಗಿಗಿಂತ ಉಪ್ಪು ಜಾಸ್ತಿ. ಹಾಗಾಗಿ ನೀರು ತಾನಾಗಿ ಒಳಗೆ ಬರುತ್ತಿರುತ್ತದೆ, ಮೀನು ಅದನ್ನು ಮೂತ್ರವಾಗಿ ಹೊರಹಾಕುತ್ತಲೇ ಇರುತ್ತದೆ. ಕಡಲ ನೀರಿನಲ್ಲಿ ಎಲ್ಲ ಉಲ್ಟಾ. ಮೈಯ ನೀರೇ ಹೊರಗೆ ಹೋಗುತ್ತದೆ. ಆಗ ಮೀನು ನೀರು ಕುಡಿಯಬೇಕು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರತಳ್ಳಬೇಕು. ಕಿವಿರಿನ ಜೀವಕೋಶಗಳು ಈ ಕೆಲಸಕ್ಕೆ ಸಜ್ಜಾಗಲು ಕೆಲವು ದಿನ ಬೇಕು.

ಮೊದಲು ಉಪ್ಪು, ತಕ್ಕಡಿ

ಅಡುಗೆಮನೆಯ ಉಪ್ಪು ಬೇಡ, ಕಲ್ಲುಪ್ಪೂ ಬೇಡ. ಅವು ಬಹುಪಾಲು ಸೋಡಿಯಂ ಕ್ಲೋರೈಡ್ ಅಷ್ಟೇ. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಇರುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ‘ಮರೀನ್ ಸಾಲ್ಟ್’ ಎಂದೇ ಕೇಳಿ ತನ್ನಿ. ತಂದ ದಿನವೇ ಗಾಳಿಯಾಡದ ಡಬ್ಬಿಗೆ ಹಾಕಿಡಿ. ನಮ್ಮ ಮಳೆಗಾಲದಲ್ಲಿ ಬಿಚ್ಚಿಟ್ಟ ಪ್ಯಾಕೆಟ್ ತೇವ ಹೀರಿ ಗಟ್ಟಿಯಾಗುತ್ತದೆ. ಆಮೇಲೆ ತೂಗಿದ ಲೆಕ್ಕಕ್ಕೆ ಅರ್ಥವಿಲ್ಲ.

ಜೊತೆಗೆ ಒಂದು ಡಿಜಿಟಲ್ ತಕ್ಕಡಿ, ಒಂದು ಹೈಡ್ರೋಮೀಟರ್ (ನೀರಿನ ಸಾಂದ್ರತೆ ಅಳೆದು ಉಪ್ಪಿನ ಮಟ್ಟ ತೋರಿಸುವ ಸಾಧನ), ಹೀಟರ್, ಅಮೋನಿಯಾ (ಮೀನಿನ ಹೊಲಸಿನಿಂದ ನೀರಿಗೆ ಸೇರುವಂಥದ್ದು) ಮತ್ತು ಪಿಎಚ್ (ನೀರಿನ ಆಮ್ಲ–ಕ್ಷಾರದ ಮಟ್ಟ) ಟೆಸ್ಟ್ ಕಿಟ್ ಬೇಕು. ಮಡಿಕೇರಿಯ ಚಳಿಗೆ ಹೀಟರ್ ಇಲ್ಲದೆ ಆಗುವುದಿಲ್ಲ. ನೀರು 25ರಿಂದ 27 ಡಿಗ್ರಿ ಇರಲಿ. ತಣ್ಣನೆ ನೀರಿನಲ್ಲಿ ಹೈಡ್ರೋಮೀಟರ್ ಕೂಡ ತುಸು ಜಾಸ್ತಿ ತೋರಿಸುತ್ತದೆ. ಸಿಹಿನೀರಿನ ಗಿಡಗಳನ್ನು ಬೇರೆ ತೊಟ್ಟಿಗೆ ಸಾಗಿಸಿ. ಉಪ್ಪಿಗೆ ಅವು ಕೊಳೆತು ನೀರು ಕೆಡಿಸುತ್ತವೆ.

ಹತ್ತು ಮೆಟ್ಟಿಲು

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಹೈಡ್ರೋಮೀಟರ್ ಲೆಕ್ಕದಲ್ಲಿ 1.025ರ ಆಸುಪಾಸು. ತೊಟ್ಟಿಯಲ್ಲಿ 40 ಲೀಟರ್ ನೀರಿದ್ದರೆ ಒಟ್ಟು 1,400 ಗ್ರಾಂ ಬೇಕು. ಇದನ್ನು ಹತ್ತು ಭಾಗ ಮಾಡಿ. ಒಂದು ಸಲಕ್ಕೆ 140 ಗ್ರಾಂ. ಎರಡು ದಿನಕ್ಕೊಮ್ಮೆ ಒಂದು ಭಾಗದಂತೆ ಹಾಕಿದರೆ ಮೂರು ವಾರದೊಳಗೆ ಮುಗಿಯುತ್ತದೆ.

ಉಪ್ಪನ್ನು ನೇರವಾಗಿ ತೊಟ್ಟಿಗೆ ಸುರಿಯಬೇಡಿ. ತೊಟ್ಟಿಯದೇ ನಾಲ್ಕು ಲೀಟರ್ ನೀರನ್ನು ಬಕೆಟಿಗೆ ತೆಗೆದು, ಅದರಲ್ಲಿ ಪೂರ್ತಿ ಕರಗಿಸಿ, ಮೇಲೆ ಎತ್ತರದಲ್ಲಿಟ್ಟು ಏರ್ ಪಂಪಿನ ಸಣ್ಣ ಪೈಪಿನಲ್ಲಿ ಹನಿಹನಿಯಾಗಿ ಬಿಡಿ. ಪೈಪಿಗೊಂದು ಸಡಿಲ ಗಂಟು ಹಾಕಿದರೆ ಹನಿಯ ವೇಗ ಹಿಡಿತಕ್ಕೆ ಬರುತ್ತದೆ. ಗ್ಲೂಕೋಸ್ ಡ್ರಿಪ್ ಇದ್ದ ಹಾಗೆ.

ಈಗ ಕೊಡಗಿನವರು ವಿಶೇಷವಾಗಿ ಗಮನಿಸಬೇಕಾದ ವಿಷಯ. ಎಲ್ಲರೂ ಉಪ್ಪಿಗೇ ಹೆದರುತ್ತಾರೆ. ನನ್ನ ಪ್ರಕಾರ ಇಲ್ಲಿ ದೊಡ್ಡ ಅಪಾಯ ಪಿಎಚ್. ನಮ್ಮ ಬಾವಿ, ತೋಡಿನ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲದ ಕಡೆಗೆ. ಮರೀನ್ ಸಾಲ್ಟ್ ಪಿಎಚ್ ಅನ್ನು 8ರ ಮೇಲಕ್ಕೆ ಎಳೆಯುವಂತೆ ಮಾಡಿದ್ದು. ಮೆದು ನೀರಿಗೆ ಈ ಏರಿಕೆ ತಡೆಯುವ ಶಕ್ತಿ ಕಡಿಮೆ. ಹಾಗಾಗಿ ಮೊದಲ ಹಿಡಿ ಉಪ್ಪಿಗೇ ಪಿಎಚ್ ಜಿಗಿಯುತ್ತದೆ. ಅಷ್ಟೇ ಅಲ್ಲ, ಆಮ್ಲದ ನೀರಿನಲ್ಲಿ ಅಷ್ಟೇನೂ ತೊಂದರೆ ಕೊಡದೆ ಕೂತಿದ್ದ ಅಮೋನಿಯಾ, ಪಿಎಚ್ ಏರಿದ ಕೂಡಲೇ ವಿಷವಾಗುತ್ತದೆ. ಅದೇ ಹೊತ್ತಿಗೆ ಅಮೋನಿಯಾವನ್ನು ಇಲ್ಲವಾಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾ ಕೂಡ ಉಪ್ಪಿಗೆ ಒಗ್ಗದೆ ಕುಂಟುತ್ತಿರುತ್ತವೆ. ಮೀನು ಸತ್ತರೆ ‘ಉಪ್ಪು ಜಾಸ್ತಿ ಆಯ್ತು’ ಅನ್ನುತ್ತೇವೆ. ಎಷ್ಟೋ ಸಲ ಕೊಂದಿದ್ದು ಅಮೋನಿಯಾ.

ಇದಕ್ಕೆ ಉಪಾಯ ಸುಲಭ. ಮೊದಲ ಉಪ್ಪು ಹಾಕುವ ಹಿಂದಿನ ದಿನ ಅಮೋನಿಯಾ ಸೊನ್ನೆ ಇದೆಯಾ ನೋಡಿ. ಇಲ್ಲದಿದ್ದರೆ ಶುರುವೇ ಮಾಡಬೇಡಿ. ಮೊದಲ 140 ಗ್ರಾಂ ಅನ್ನು 70ರಂತೆ ಎರಡು ಸಲ ಹಾಕಿ. ಈ ಮೂರು ವಾರ ಮೇವು ಅರ್ಧ ಮಾಡಿ. ಮೋಲಿ ಪಾಚಿ ತಿಂದುಕೊಂಡು ಇರುತ್ತದೆ, ಸಾಯುವುದಿಲ್ಲ.

ನಡುವೆ ನೀರು ಬದಲಿಸಬೇಕಾಗಿ ಬಂದರೆ ಹೊಸ ನೀರಿನಲ್ಲೂ ಅಂದಿನ ಮಟ್ಟದ ಉಪ್ಪೇ ಇರಬೇಕು. ತೊಟ್ಟಿ ಲೀಟರಿಗೆ 7 ಗ್ರಾಂ ತಲುಪಿದ್ದಾಗ 8 ಲೀಟರ್ ಬದಲಿಸಿದರೆ, ಹೊಸ ನೀರಿಗೆ 56 ಗ್ರಾಂ. ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಬರೀ ಸಿಹಿನೀರು ಹಾಕಿ, ಯಾಕೆಂದರೆ ಉಪ್ಪು ಆವಿಯಾಗುವುದಿಲ್ಲ ಅಲ್ವಾ. ಮಾರ್ಚ್–ಏಪ್ರಿಲ್‌ನಲ್ಲಿ ಇದನ್ನು ದಿನಾ ನೋಡಬೇಕು. ಜುಲೈನಲ್ಲಿ ಆ ಚಿಂತೆ ಅಷ್ಟಿಲ್ಲ, ಆಗ ಚಿಂತೆ ಕರೆಂಟಿನದು. ಉಪ್ಪುನೀರು ಸಿಹಿನೀರಿನಷ್ಟು ಆಮ್ಲಜನಕ ಹಿಡಿದಿಡುವುದಿಲ್ಲ. ಬ್ಯಾಟರಿಯ ಏರ್ ಪಂಪ್ ಒಂದು ಇರಲಿ.

ಮೀನು ರೆಕ್ಕೆ ಮುದುಡಿಕೊಂಡರೆ, ನಿಂತಲ್ಲೇ ಮೈ ಅಲುಗಿಸುತ್ತಿದ್ದರೆ, ನೀರಿನ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮುಂದಿನ ಮೆಟ್ಟಿಲು ನಿಲ್ಲಿಸಿ. ಅಮೋನಿಯಾ ನೋಡಿ. ಅದು ಸರಿ ಇದ್ದೂ ಮೀನು ಸುಧಾರಿಸದಿದ್ದರೆ ತೊಟ್ಟಿಯ ಐದನೇ ಒಂದು ಭಾಗ ನೀರು ತೆಗೆದು, ಅಷ್ಟೇ ಬೆಚ್ಚಗಿನ ಸಿಹಿನೀರನ್ನು ಹನಿಯಾಗಿ ಬಿಟ್ಟು ನಾಲ್ಕು ದಿನ ಕಾಯಿರಿ.

ಉಪ್ಪುನೀರಿನಲ್ಲೇ ಹುಟ್ಟಿದ ಮರಿಗಳಿಗೆ ಈ ಕಸರತ್ತು ಬೇಕಿಲ್ಲ. ಆದರೆ ಅವನ್ನು ಸಿಹಿನೀರಿನ ತೊಟ್ಟಿ ಇರುವ ನೆಂಟರಿಗೆ ಕೊಡುವುದಾದರೆ ಇದೇ ಮೆಟ್ಟಿಲುಗಳನ್ನು ಇಳಿಸಬೇಕು. ಮರಿ ಜಾಸ್ತಿ ಆಯ್ತು ಎಂದು ತೋಡಿಗೋ ಹೊಳೆಗೋ ಬಿಡಬೇಡಿ. ಇಲ್ಲಿನ ಸಣ್ಣ ಮೀನುಗಳ ಜಾಗ ಅವು ಕಿತ್ತುಕೊಳ್ಳುತ್ತವೆ. ಹಳೆಯ ನೀರನ್ನು ಕಾಫಿ ಗಿಡ, ಮೆಣಸಿನ ಬಳ್ಳಿಯ ಬುಡಕ್ಕೆ ಚೆಲ್ಲಬೇಡಿ, ಬಾವಿ ಕಡೆಗೂ ಬೇಡ. ಬಚ್ಚಲಿಗೆ ಬಿಡಿ.