ಎಕ್ಸ್‌ರೇ ಕ್ಲೀನ್, ಆದ್ರೆ ಕಾಲು ಮಡಚುತ್ತಿಲ್ಲ: ಯಾವ ಸ್ಕ್ಯಾನ್ ಮೊದಲು?

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ಕಥೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯವರಿಗೆ ಹೊಸದಲ್ಲ. ಆಂಬುಲೆನ್ಸ್ ತಲಪಾಡಿ ದಾಟಿ ಮಂಗಳೂರಿಗೆ ಓಡುತ್ತದೆ, ಐಸಿಯುನಲ್ಲಿ ವಾರಗಟ್ಟಲೆ ಮಲಗಿಸುತ್ತಾರೆ, ಜೀವ ಉಳಿಯಿತಲ್ಲ ಅಂತ ಮನೆಯವರು ಉಸಿರು ಬಿಡುವಷ್ಟರಲ್ಲಿ ತೊಡೆಸಂದಿ ಊದಿಕೊಂಡು ಬಿಗಿಯಾಗುತ್ತದೆ. ಮಾಂಸದೊಳಗೆ ಎಲುಬು ಬೆಳೆಯುತ್ತಿರಬಹುದು. ಡಾಕ್ಟರ್‌ಗಳ ಭಾಷೆಯಲ್ಲಿ ಹೆಟೆರೊಟೋಪಿಕ್ ಆಸಿಫಿಕೇಶನ್, ಚಿಕ್ಕದಾಗಿ ಎಚ್‌ಒ. ತಲೆಗೆ ಪೆಟ್ಟಾದವರಿಗೆ, ಸುಟ್ಟಗಾಯದವರಿಗೆ, ಎಲ್ಲೂ ಪೆಟ್ಟಿಲ್ಲದೆ ಬರೀ ವೆಂಟಿಲೇಟರ್‌ನಲ್ಲಿ ತುಂಬ ದಿನ ಇದ್ದವರಿಗೂ ಬರುತ್ತದೆ.

ನಾನು ಫಿಸಿಯೋ. ಮೊದಮೊದಲು ಮಾಡಿದ ತಪ್ಪು ಹೇಳ್ತೇನೆ. ಒಬ್ಬರ ಸೊಂಟದ ಕೀಲು ದಿನದಿಂದ ದಿನಕ್ಕೆ ಕಡಿಮೆ ಮಡಚುತ್ತಿತ್ತು. ಎರಡನೇ ವಾರದ ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂತ ಬಂತು, ನಾವೂ ನಂಬಿ ಸುಮ್ನೆ ಕೂತೆವು. ಎಕ್ಸ್‌ರೇಗೆ ಕಾಣಬೇಕಾದರೆ ಒಳಗೆ ಸುಣ್ಣ ಕಟ್ಟಬೇಕು, ಅದಕ್ಕೆ ಸಾಮಾನ್ಯವಾಗಿ 3ರಿಂದ 6 ವಾರ ಬೇಕು. ಫ್ರಾನ್ಸಿನಲ್ಲಿ ಡಾಕ್ಟರ್‌ಗಳಾದ ಆಗಸ್ಟಾ ಡೆಜೆರಿನ್ ಮತ್ತು ಸೆಲ್ಯೇ 1918ರಲ್ಲೇ ಯುದ್ಧದಲ್ಲಿ ಬೆನ್ನುಹುರಿ ಹೋದ ಸೈನಿಕರಲ್ಲಿ ಇದನ್ನು ಕಂಡು ಬರೆದಿದ್ದರು. ಅವರ ಕಾಲಕ್ಕೆ ಅಲ್ಟ್ರಾಸೌಂಡ್ ಇರಲಿಲ್ಲ. ನಮಗೇನು ದಾಡಿ?

ಕಾಲು ಊದಿ ಬಿಸಿಯಾದರೆ ಐಸಿಯುನಲ್ಲಿ ಮೊದಲು ರಕ್ತ ಹೆಪ್ಪುಗಟ್ಟಿದೆಯಾ ಅಂತ ಡಾಪ್ಲರ್, ಅಂದರೆ ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್, ಮಾಡುತ್ತಾರೆ. ಅದು ಸರಿಯೇ, ಆಗಲೇಬೇಕು. ಆದರೆ ಹೆಪ್ಪು ಇಲ್ಲ ಅಂದ ಕೂಡಲೇ ಮೈಮೇಲೆ ಆಡಿಸುವ ಪ್ರೋಬ್ ಒರೆಸಿ ಇಡಬೇಡಿ. ರೋಗಿಯನ್ನು ಎಲ್ಲಿಗೂ ಸಾಗಿಸಬೇಕಿಲ್ಲ, ಮೆಷಿನ್ ಮಂಚದ ಪಕ್ಕದಲ್ಲೇ ಇದೆ, ಇನ್ನೈದು ನಿಮಿಷ ಸೊಂಟದ ಕೀಲಿನ ಮುಂಭಾಗ, ಒಳಭಾಗ ನೋಡಿ. ಒಳ್ಳೆಯ ಮಾಂಸಖಂಡ ಹಕ್ಕಿಯ ಗರಿ ಥರ ಗೆರೆಗೆರೆಯಾಗಿ ಕಾಣುತ್ತದೆ. ಎಚ್‌ಒ ಶುರುವಾದ ಕಡೆ ಗೆರೆ ಅಳಿಸಿ ಕಪ್ಪು ಗಡ್ಡೆಯಂತಿರುತ್ತದೆ. ಆಮೇಲೆ ಅದರ ಅಂಚಿನಲ್ಲಿ ಬಿಳಿ ಚುಕ್ಕೆಗಳು, ನಡುವೆ ಮಾತ್ರ ಇನ್ನೂ ಕಪ್ಪು. ಈ ಅಂಚು ಬಿಳಿ, ನಡು ಕಪ್ಪು ಅನ್ನುವುದೇ ಮುಖ್ಯ ಗುರುತು. ಇನ್ನೂ ಬಲಿತರೆ ಅದರ ಹಿಂದೆ ನೆರಳು ಬೀಳುತ್ತದೆ. ಇನ್ನೊಂದು ಕಾಲಿನ ಜೊತೆ ಹೋಲಿಸಿ, ಆದರೆ ಎರಡೂ ಕಡೆ ಬರುವುದುಂಟು, ಹಾಗಾಗಿ ಎರಡೂ ಒಂದೇ ಥರ ಇವೆ ಅಂತ ಬಿಟ್ಟುಬಿಡಬೇಡಿ. ಕೀವು, ರಕ್ತ ಕಟ್ಟಿದ್ದು ಕೂಡ ಮೊದಲಿಗೆ ಹೀಗೇ ಮೋಸ ಮಾಡುತ್ತವೆ. ಅನುಮಾನ ಉಳಿದರೆ ವಾರ ಬಿಟ್ಟು ಮತ್ತೆ ನೋಡಬೇಕು. ಮೊಣಕಾಲು, ಮೊಣಕೈ ಮರೆಯಬೇಡಿ. ಸುಟ್ಟಗಾಯದವರಲ್ಲಿ ಮೊಣಕೈಯೇ ಜಾಸ್ತಿ.

ಮೂರು ಹಂತದ ಬೋನ್ ಸ್ಕ್ಯಾನ್ ಎಕ್ಸ್‌ರೇಗಿಂತ ಬೇಗ ಹಿಡಿಯುತ್ತದೆ, 2ರಿಂದ 4 ವಾರದಲ್ಲೇ. ಆದರೆ ಅದಕ್ಕೆ ಇಂಜೆಕ್ಷನ್ ಕೊಟ್ಟು ಗಂಟೆಗಟ್ಟಲೆ ಕಾಯಬೇಕು, ವೆಂಟಿಲೇಟರ್ ಇರುವವರನ್ನು ಸಾಗಿಸುವುದು ಸುಲಭವಲ್ಲ ಅಲ್ವಾ? ಎಂಆರ್‌ಐಗೂ ಅದೇ ಪಾಡು. ಸಿಟಿ ಸ್ಕ್ಯಾನ್ ಮುಂದೆ ಆಪರೇಷನ್‌ಗೆ ಹೊರಟಾಗ ಬೇಕಾಗುತ್ತದೆ. ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ ಅನ್ನುವ, ಎಲುಬು ಬೆಳೆಯುವಾಗ ಹೆಚ್ಚುವ ಕಿಣ್ವ ಏರಿದ್ದರೆ ಅನುಮಾನ ಬಲವಾಗುತ್ತದೆ, ಆದರೆ ಮೂಳೆ ಮುರಿದವರಲ್ಲೂ ಅದು ಏರುತ್ತದೆ.

ಮನೆಯವರೇ, ರೋಗಿಗೆ ಸ್ಪರ್ಶ ಗೊತ್ತಾಗದಿದ್ದರೆ ನೋವು ಅಂತ ಹೇಳುವವರೇ ಇರುವುದಿಲ್ಲ. ನರ್ಸ್ ಮಲಯಾಳದವರು, ನೀವು ಕನ್ನಡವೋ ತುಳುವೋ ಮಾತಾಡುವವರು, ಆದರೂ ಪರವಾಗಿಲ್ಲ, ನಿನ್ನೆ ಇಷ್ಟು ಮಡಚುತ್ತಿತ್ತು, ಇವತ್ತು ಇಷ್ಟೇ ಅಂತ ಕೈಯಲ್ಲಿ ತೋರಿಸಿ. ಬಿಗಿ ಬಿಡಲಿ ಅಂತ ಬಲವಂತವಾಗಿ ಎಳೆಯಬೇಡಿ.

ಸ್ಕ್ಯಾನ್‌ಗೆ ಚೀಟಿ ಬರೆಯುವವರು ಬರೀ ‘ಡಾಪ್ಲರ್’ ಅಂತ ಗೀಚಬೇಡಿ. ಹೀಗೆ ಬರೆಯಿರಿ: ‘ಮರದಿಂದ ಬಿದ್ದು 16 ದಿನ, ಬಲ ಸೊಂಟದ ಕೀಲು ಬಿಗಿ, ರಕ್ತನಾಳದ ಜೊತೆ ಮಾಂಸಖಂಡವನ್ನೂ ನೋಡಿ, ಎಚ್‌ಒ ಅನುಮಾನ.’